ಹದಿನಾಲ್ಕನೇ ಅಂಗಿ

ಮೊನ್ನೆ ಮೂಡಲಗಿಯಲ್ಲಿ ನಡೆದ ಶೋಕಸಭೆಯಲ್ಲಿ ನಮ್ಮ ಬಾಸ್ಕೆಟ್‌ಬಾಲ್ ತಂಡದ ಸಾವಕಾರರು ಹಳೆಯ ತರಬೇತುದಾರ ಕಾಕಾ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಕಡೆಗೆ ಇನ್ನೊಂದು ಮಾತು ಸೇರಿಸಿದರು. "ದೊಡ್ಡ ಮನಷ್ಯಾ. ಆದ್ರ ಆ ಒಂದ್ ದಿನ ಗೋಕಾಕದಾಗ ಆಟ ಬದಲಿ ಮಾಡಬಾರದಿತ್ತು. ವಯಸ್ಸಾಗಿತ್ತು, ತಲಿ ಓಡಲಿಲ್ಲ." ಕೂತವರು ಹೌದೆಂದು ತಲೆಯಾಡಿಸಿದರು. ಅವರ ನಂತರ ಮಾತಾಡಬೇಕಾದವನು ನಾನು. ಎದ್ದು ನಿಂತೆ. ಕಾಕಾ ನನಗೆ ಆಟ ಕಲಿಸಿದರು ಎಂದೆ. ಕೂತೆ.

ಆ ದಿನ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತಿದ್ದವನು ನಾನು. ಅಲ್ಲಿ ಏನು ನಡೆಯಿತು ಎನ್ನುವುದು ಪೂರ್ತಿಯಾಗಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಒಬ್ಬನಿಗೆ ಗೊತ್ತು. ಹಾಗಾಗಿ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ.

ಕಾಕಾ ಗೋಕಾಕ ಫಾಲ್ಸ್‌ನಲ್ಲಿದ್ದರು. ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಬ್ಯಾನರಿನಲ್ಲಿ ತಮ್ಮ ಹೆಸರು ಕಂಡರೆ "ಇದನ್ನ ಯಾರನ್ನ ಕೇಳಿ ಬರದ್ರಿ?" ಎಂದು ರೇಗುತ್ತಿದ್ದರು. ಎತ್ತರ ಐದೂವರೆ ಅಡಿ, ಅಷ್ಟೇ. ಬಾಸ್ಕೆಟ್‌ಬಾಲ್ ಕಲಿಸುವವರು ಇಷ್ಟು ಕುಳ್ಳಗಿರುವುದನ್ನು ಮೊದಲ ಸಲ ನೋಡಿದ ಹುಡುಗರು ನಗುತ್ತಿದ್ದರು. ಕಾಕಾ ಅವರಿಗಿಂತ ಮೊದಲೇ ನಗುತ್ತಿದ್ದರು. "ನಾ ಗಿಡ್ಡ ಇದ್ದೆ, ಅದಕ್ಕ ಕಾಯೋದು ಕಲತೆ. ಉದ್ದ ಇದ್ದಿದ್ರ ನಿಮ್ಮಂಗ ಬರೇ ಚೆಂಡ್ ಒಗಕೋತ ಇರತಿದ್ದೆ."

ದಿನಾ ಸಂಜೆ ಬಸ್ಸಿನಲ್ಲಿ ಮೂಡಲಗಿಗೆ ಬರುತ್ತಿದ್ದರು. ಕಂಡಕ್ಟರುಗಳಿಗೆಲ್ಲ ಅವರ ಗುರುತು. ನಾವು ಸೋತ ಮರುದಿನ ಒಬ್ಬ ಟಿಕೆಟ್ ಹರಿಯುತ್ತಾ, "ಏನ್ರಿ ಕಾಕಾ, ಹನ್ನೊಂದ್ ಮಂದಿಗೆ ಪಗಾರ ಕೊಟ್ಟು ಸೋಲಸತೀರಿ, ನಾ ಆದ್ರ ಪುಕ್ಕಟೆ ಸೋತು ಕೊಡತೇನಿ" ಎಂದಿದ್ದ. ಕಾಕಾ ಅದನ್ನು ನಮಗೆ ಅಭ್ಯಾಸದಲ್ಲಿ ಹೇಳಿ, ಆಮೇಲೆ ಒಂದು ತಾಸು ನಮ್ಮನ್ನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಂಕಣದ ಉದ್ದಕ್ಕೂ ಅಡ್ಡಡ್ಡ ಓಡಿಸಿದರು. ಕೈ ಇಲ್ಲದೆ ಕಾಯಲು ಬರಬೇಕು, ಆಮೇಲೆ ಕೈ. ಇದು ಅವರ ಮೊದಲ ಪಾಠ. ಎರಡನೆಯದು ಸೊಂಟದ ಪಾಠ. "ಕಣ್ಣು ಸುಳ್ಳ ಹೇಳತಾವು, ಚೆಂಡು ಸುಳ್ಳ ಹೇಳತೈತಿ. ಸ್ವಂಟ ಸುಳ್ಳ ಹೇಳಂಗಿಲ್ಲ. ಅಂವ ಎತ್ತಾಗ ಹೋಗತಾನ ಅನ್ನೂದು ಅವನ ಸ್ವಂಟ ನೋಡಿದ್ರ ತಿಳೀತೈತಿ."

ನಮ್ಮದು ಸಂಬಳದ ಆಟ. ಸುತ್ತಲಿನ ಊರುಗಳು ಒಂದೊಂದು ತಂಡ ಕಟ್ಟಿ, ಆಟಗಾರರಿಗೆ ತಿಂಗಳ ಪಗಾರ ಕೊಟ್ಟು ಆಡಿಸುವ ಲೀಗ್ ಶುರುವಾಗಿ ಆಗ ಎರಡನೆಯ ವರ್ಷ. ಮೂಡಲಗಿಯ ತಂಡ ಒಬ್ಬ ಬೆಲ್ಲದ ವ್ಯಾಪಾರಿಯದು. ಅವರೇ ನಮ್ಮ ಸಾವಕಾರರು. ಮೊದಲ ವರ್ಷ ನಾನೂ ಆಡಿದೆ. ಭುಜ ಜಾರಿದ ಮೇಲೆ ಕಾಕಾ ನನ್ನನ್ನು ಬೆಂಚಿಗೆ ಕರೆದುಕೊಂಡರು. ಬರೆದಿಡುವುದು, ಕೂಗಿ ಹೇಳುವುದು ನನ್ನ ಕೆಲಸ.

ಏನು ಕೂಗಬೇಕು ಎಂಬುದನ್ನು ಸ್ವಲ್ಪ ವಿವರಿಸಬೇಕು. ಕಾಕಾ ಆಡಿಸುತ್ತಿದ್ದದ್ದು ಒಬ್ಬನಿಗೆ ಒಬ್ಬ ಎನ್ನುವ ಆಟ. ಎದುರಾಳಿಯ ಐದು ಜನರಲ್ಲಿ ಒಬ್ಬೊಬ್ಬರನ್ನು ನಮ್ಮ ಒಬ್ಬೊಬ್ಬರಿಗೆ ಒಪ್ಪಿಸುವುದು. ಆಟಕ್ಕೆ ಮೊದಲು ನಮ್ಮವರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಎಡಗೈ ಹಿಡಿದು, ಅಂಗೈಯಲ್ಲಿ ಬಾಲ್‌ಪೆನ್ನಿನಿಂದ ಎದುರಾಳಿಯ ಅಂಗಿಯ ನಂಬರ್ ಬರೆಯುತ್ತಿದ್ದರು. "ಇಂವ ನಿನ್ನ ಬೀಗ. ಲಗ್ನದಾಗ ಬೀಗರ್ನ ಬಿಟ್ಟು ಉಣ್ಣಾಕ ಹೋಗತೀ ಏನ? ಹಂಗ. ಅಂವ ನೀರ ಕುಡ್ಯಾಕ ಹೋದ್ರ ತಂಬಗಿ ಹಿಡಕೊಂಡ ನಿಂದರು." ಹುಡುಗರು ತಮ್ಮತಮ್ಮಲ್ಲಿ "ನಿನ್ನ ಬೀಗ ಬಾಳ ಉದ್ದ ಅದಾನಲೇ" ಎಂದು ಚುಡಾಯಿಸುತ್ತಿದ್ದರು. ಎದುರಾಳಿ ನಡುವೆ ಆಟಗಾರರನ್ನು ಬದಲಿಸಿದರೆ, ಒಳಗೆ ಬಂದ ಹೊಸ ನಂಬರ್ ಯಾರ ಪಾಲು ಎಂದು ಬೆಂಚಿನಿಂದ ನಾನು ಕೂಗಬೇಕು. ನನ್ನ ದನಿ ದೊಡ್ಡದು, ಅದಕ್ಕೇ ನನಗೆ ಆ ಕೆಲಸ.

ಆ ವರ್ಷ ಲೀಗಿನ ಕೊನೆಗೆ ನಾವು ಹುಕ್ಕೇರಿ ತಂಡವನ್ನು ಗೋಕಾಕದಲ್ಲಿ ಸೋಲಿಸಬೇಕಿತ್ತು. ಗೆದ್ದರೆ ಫೈನಲ್. ಸೋತರೆ ತಂಡ ಮುಚ್ಚುತ್ತೇನೆ ಎಂದು ಸಾವಕಾರರು ಎಲ್ಲರೆದುರು ಹೇಳಿದ್ದರು. ಹನ್ನೊಂದು ಹುಡುಗರಲ್ಲಿ ಎಂಟು ಮಂದಿ ಬೇರೆ ಕೆಲಸ ಬಿಟ್ಟು ಬಂದವರು.

ಹುಕ್ಕೇರಿಯ ಒಂಬತ್ತನೇ ನಂಬರಿನವನು ದೂರದಿಂದ ಚೆಂಡು ಹಾಕುವುದರಲ್ಲಿ ಬಲು ಪಕ್ಕಾ. ಹಿಂದಿನ ಎರಡು ಆಟಗಳಲ್ಲಿ ಅವನ ಹಿಂದೆ ಓಡಿದವನು ನಮ್ಮ ಇರ್ಫಾನ್. ಆ ಓಟದಲ್ಲಿ ಇರ್ಫಾನನ ಬಲ ಮೊಣಕಾಲು ಬಾತಿತ್ತು. ಕೇಳಿದರೆ "ಏನಾಗಿಲ್ರಿ" ಎನ್ನುತ್ತಿದ್ದ. ಬಸ್ಸು ಹತ್ತುವಾಗ ಮಾತ್ರ ಎಡಗಾಲು ಮೊದಲು ಇಡುತ್ತಿದ್ದ, ಬಲಗಾಲನ್ನು ಎಳೆದುಕೊಳ್ಳುತ್ತಿದ್ದ.

ನಾನು ಒಂದು ವಾರ ಕಾಕಾನ ಬೆನ್ನು ಬಿಡಲಿಲ್ಲ. ಝೋನ್ ಆಡೋಣ ಎಂದೆ. ಅಂದರೆ ಮನುಷ್ಯನನ್ನು ಕಾಯದೆ ಜಾಗ ಕಾಯುವುದು. ಮುಂದೆ ಇಬ್ಬರು, ಬುಟ್ಟಿಯ ಬಳಿ ಮೂವರು, ಯಾರು ನಿಮ್ಮ ಜಾಗಕ್ಕೆ ಬಂದರೂ ಅವರು ನಿಮ್ಮವರು. ಓಡಾಟ ಕಡಿಮೆ, ಇರ್ಫಾನನ ಕಾಲು ಉಳಿಯುತ್ತದೆ. ನನಗೆ ಗೊತ್ತಿದ್ದ ಉದಾಹರಣೆ ಕೊಟ್ಟೆ. ನಮ್ಮ ಅಪ್ಪ ಮಮದಾಪುರದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಕಾಯುತ್ತಿದ್ದ. ಹಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಜನ. ತೋಳ ಬಂದರೂ ಯಾರೂ ಮೂಲೆ ಬಿಟ್ಟು ಬೆನ್ನಟ್ಟುವಂತಿಲ್ಲ. ಬೆನ್ನಟ್ಟಿದವನ ಮೂಲೆಯಿಂದಲೇ ಮರಿ ಹೋಗುತ್ತದೆ.

ಕಾಕಾ ಪೂರ್ತಿ ಕೇಳಿದರು. "ಏ ಹಟ್ಟಿ ಮಾಸ್ತರ, ತ್ವಾಳ ಒಂದೋ ಎರಡೋ ಬರತಾವು. ಬೀಗರು ಐದೂ ಮಂದಿ ಒಮ್ಮೆಲೆ ಬರತಾರ."

"ಖರೆ ಕಾಕಾ. ಆದ್ರ ಇರ್ಫಾನನ ಕಾಲ ನೋಡ್ರಿ."

"ನೋಡೇನಿ."

"ಮತ್ತ?"

ಅವರು ತಮ್ಮ ಫುಪ್ಪುವಿನ ಕಥೆ ಹೇಳಿದರು. ಫುಪ್ಪು ಎಂದರೆ ಅಪ್ಪನ ಅಕ್ಕ. ಧುಪದಾಳದಲ್ಲಿ ಅಣ್ಣತಮ್ಮಂದಿರ ಐದು ಮನೆ, ಒಂದೇ ಓಣಿ. ಗಂಡನಿಲ್ಲದ ಫುಪ್ಪು ಓಣಿಯ ತುದಿಯ ಕೋಣೆಯಲ್ಲಿ. ಊಟ ಇಂಥವರ ಮನೆಯದು ಎಂದು ಇರಲಿಲ್ಲ, ಐದೂ ಮನೆ ಅವಳದೇ. "ಒಂದಿನ ನಮ್ಮ ಮನ್ಯಾಗ, ಅವರ ಮನ್ಯಾಗ ಉಂಡಾಳ ಅಂದ್ರು. ಅವರ ಮನ್ಯಾಗ, ನಮ್ಮ ಮನ್ಯಾಗ ಉಂಡಾಳ ಅಂದ್ರು. ಐದೂ ಮನಿ ಒಲಿ ಉರ್ಯಾಕತ್ತಿದ್ವು. ಎರಡ ದಿನ ಆದ ಮ್ಯಾಲ ನಮ್ಮವ್ವ ಹೋಗಿ ಕೇಳಿದ್ರ, ಉಂಡೇನವಾ ಅಂದ್ಳು ಫುಪ್ಪು. ಕಣ್ಣ ಮಾತ್ರ ನಮ್ಮವ್ವನ ಕೈಯಾಗಿನ ಬುಟ್ಟಿ ಮ್ಯಾಲ." ಅಷ್ಟು ಹೇಳಿ ಎದ್ದರು. "ಅವತ್ತಿಂದ ನಮ್ಮವ್ವ ಪಾಳಿ ಹಚ್ಚಿದ್ಳು. ಸೋಮವಾರ ಇವರು, ಮಂಗಳವಾರ ಇವರು. ಎಲ್ಲಾರೂ ನೋಡತಾರ ಅಂದ್ರ ಯಾರೂ ನೋಡಂಗಿಲ್ಲಪಾ. ನಿನ್ನ ಝೋನ್ ಅಂದ್ರ ಅದ."

ನಾನು ಒಪ್ಪಲಿಲ್ಲ. ಪುಸ್ತಕದಲ್ಲಿ ಐದು ವೃತ್ತ ಬರೆದು ಇಟ್ಟುಕೊಂಡೆ. ಹುಡುಗರಿಗೂ ಕಾಕಾ ಬರುವ ಮೊದಲು ಎರಡು ದಿನ, ಅರ್ಧರ್ಧ ತಾಸು, ಝೋನಿನಲ್ಲಿ ನಿಲ್ಲುವುದನ್ನು ತೋರಿಸಿದೆ. ಕಾಕಾನಿಗೆ ಗೊತ್ತಾಗಿರಬಹುದು. ಕೇಳಲಿಲ್ಲ.

ಆಟದ ದಿನ. ಗೋಕಾಕ, ಮಧ್ಯಾಹ್ನ ನಾಲ್ಕು. ಹಲಗೆ ಬಾರಿಸುವವರನ್ನು ಹುಕ್ಕೇರಿಯವರು ಕರೆತಂದಿದ್ದರು, ನಮ್ಮ ಬೆಂಚಿನ ಹಿಂದೆಯೇ ನಿಂತಿದ್ದರು. ಇರ್ಫಾನನ ಅಂಗೈಯಲ್ಲಿ ಕಾಕಾ ಒಂಬತ್ತು ಬರೆದರು. ಪೆನ್ನು ಮುಚ್ಚಿ, ಕುಕ್ಕರುಗಾಲಿನಲ್ಲಿ ಕೂತು, ಅವನ ಮೊಣಕಾಲಿನ ಪಟ್ಟಿಯನ್ನು ತಾವೇ ಬಿಚ್ಚಿ ಮತ್ತೆ ಬಿಗಿದರು. "ತಡಕೊ ಮಗನ. ಇವತ್ತೊಂದಿನ." ಇರ್ಫಾನ್ "ಹೂಂ ಕಾಕಾ" ಎಂದ.

ಮೂರನೆಯ ಭಾಗದ ಹೊತ್ತಿಗೆ ನಾವು ಆರು ಅಂಕ ಮುಂದಿದ್ದೆವು. ಇರ್ಫಾನ್ ಕುಂಟುತ್ತಿದ್ದ, ಆದರೆ ಒಂಬತ್ತನ್ನು ಬಿಟ್ಟಿರಲಿಲ್ಲ. ಆಗ ನಮ್ಮ ಬಸುನ ಮೊಣಕೈ ಒಂಬತ್ತರವನ ಮೂಗಿಗೆ ಬಡಿಯಿತು. ಬೇಕೆಂದು ಹೊಡೆದದ್ದಲ್ಲ, ಇಬ್ಬರೂ ಚೆಂಡಿಗೆ ಹಾರಿದ್ದರು. ಮೂಗಿನಿಂದ ರಕ್ತ ಬಂದು ಅಂಗಿಯ ಮೇಲೆ ಇಳಿಯಿತು. ಅವನನ್ನು ಹೊರಗೆ ಕರೆದೊಯ್ದರು.

ರಕ್ತವಾದ ಅಂಗಿಯಲ್ಲಿ ಆಡುವಂತಿಲ್ಲ, ಅದು ನಿಯಮ. ಹುಕ್ಕೇರಿಯವರ ಬಳಿ ಇನ್ನೊಂದು ಒಂಬತ್ತರ ಅಂಗಿ ಇರಲಿಲ್ಲ. ಅಂಕ ಬರೆಯುವ ಟೇಬಲ್ಲು ನಮ್ಮ ಬೆಂಚಿಗೆ ಹತ್ತಿದಂತೆ ಇತ್ತು. ಅಲ್ಲಿದ್ದವನು ನನ್ನ ಕಡೆ ಬಾಗಿ ಹೇಳಿದ. "ಒಂಬತ್ತು ಈಗ ಹದಿನಾಲ್ಕು ಆಗತೈತ್ರಿ. ನಿಮ್ಮವರಿಗೆ ಹೇಳ್ರಿ."

ನಾನು ತಲೆಯಾಡಿಸಿದೆ. ಮಾತು ಕಿವಿಗೆ ಬಿದ್ದಿತ್ತು. ಹಲಗೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಆ ಹೊತ್ತಿನಲ್ಲಿ ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಆ ಐದು ವೃತ್ತಗಳನ್ನು ತಿದ್ದುತ್ತಿದ್ದೆ, ಮುಂದಿನ ವಿರಾಮದಲ್ಲಿ ಕಾಕಾನಿಗೆ ತೋರಿಸಬೇಕೆಂದು. ತಲೆಯಾಡಿಸಿ ಮತ್ತೆ ವೃತ್ತಕ್ಕೆ ಮರಳಿದೆ.

ಹೋದವನು ಮೂಗಿಗೆ ಹತ್ತಿ ತುರುಕಿಕೊಂಡು ಹದಿನಾಲ್ಕನೇ ಅಂಗಿಯಲ್ಲಿ ಬಂದ. ನಾನು ಕೂಗಲಿಲ್ಲ. ಇರ್ಫಾನ್ ಅಂಗೈ ನೋಡಿಕೊಂಡ, ಒಂಬತ್ತು ಎಲ್ಲೂ ಇಲ್ಲ. ಸುಸ್ತಾದ ಮನುಷ್ಯ, ನನ್ನ ಬೀಗ ಇನ್ನೂ ಹೊರಗೆ ಇದ್ದಾನೆ ಎಂದುಕೊಂಡು ಬುಟ್ಟಿಯ ಬಳಿ ನೆರವಿಗೆ ಹೋದ. ಉಳಿದ ನಾಲ್ವರ ಅಂಗೈಯಲ್ಲೂ ಹದಿನಾಲ್ಕು ಇರಲಿಲ್ಲ. ಅವನು ಮೂಲೆಯಲ್ಲಿ ಒಬ್ಬನೇ ನಿಂತಿದ್ದ. ಒಂದು ಚೆಂಡು ಹಾಕಿದ. ಮತ್ತೊಂದು. ಮುಖ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನಮ್ಮವರು ಅಂಗಿ ನೋಡುತ್ತಿದ್ದರು.

ಮೂರನೆಯದು ಬಿದ್ದಾಗ ಕಾಕಾ ಎದ್ದು ನಿಂತರು. "ಅಂವ ಯಾರ ಪಾಲು?"

ನಾನು ಹೇಳಿದ್ದು ಶಬ್ದಶಃ ನೆನಪಿದೆ. "ಕಾಕಾ, ಅವನ ಅಂಗಿ ಬದಲಿ ಆಗೇತಿ. ಹುಡುಗುರಿಗೆ ತಿಳೀವಲ್ದು. ನಂಬರ್ ಮ್ಯಾಲ ಕಾದ್ರ ಹಿಂಗ ಆಕ್ಕೈತ್ರಿ. ಈಗರ ಝೋನ್ ಹಾಕೂಣು."

ಇದರಲ್ಲಿ ಒಂದೂ ಸುಳ್ಳಿಲ್ಲ. ನನಗೆ ಮೊದಲೇ ಹೇಳಿದ್ದರು ಎಂಬುದೊಂದು ಅದರಲ್ಲಿ ಇರಲಿಲ್ಲ.

ಕಾಕಾ ನನ್ನನ್ನು ನೋಡಿದರು. ಆಮೇಲೆ ಇರ್ಫಾನನ ಮೊಣಕಾಲನ್ನು ನೋಡಿದರು. ಪಟ್ಟಿ ಜಾರಿ ಪಾದದ ಮೇಲೆ ಬಂದಿತ್ತು. ವಿರಾಮ ಕೇಳಿದರು. ಹುಡುಗರು ಬೆವರು ಸುರಿಸುತ್ತಾ ಸುತ್ತ ನಿಂತರು. "ನಾ ನಿಮಗ ಮನಷ್ಯಾನ್ನ ಕಾಯ್ರಿ ಅಂದೆ, ನಂಬರ್ ಕಾಯೋದು ಕಲಿಸಿದೆ," ಎಂದರು. "ತಪ್ಪು ನಂದ." ನನ್ನ ಕಡೆ ಕೈ ಮಾಡಿದರು. "ಇಂವ ಹೇಳಿದಂಗ ನಿಂದರ್ರಿ."

ಇಡೀ ಕ್ರೀಡಾಂಗಣದಲ್ಲಿ ಇದನ್ನು ಕೇಳಿದವರು ನಮ್ಮ ಹುಡುಗರು ಮತ್ತು ನಾನು. ಆಟದ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ. ಅದರಲ್ಲಿ ಬೆಂಚು ಕಾಣುವುದಿಲ್ಲ, ಟೇಬಲ್ಲೂ ಕಾಣುವುದಿಲ್ಲ.

ಝೋನ್ ಕೆಲಸ ಮಾಡಿತು. ಇದನ್ನೂ ಬರೆಯಬೇಕು. ಹುಕ್ಕೇರಿಯವರು ತಬ್ಬಿಬ್ಬಾದರು, ಒಳಗೆ ನುಗ್ಗಲು ದಾರಿ ಸಿಗಲಿಲ್ಲ. ಇರ್ಫಾನ್ ಬಲ ಮೂಲೆಯ ತನ್ನ ಜಾಗದಲ್ಲಿ ನಿಂತು ಉಸಿರು ತಿರುಗಿಸಿಕೊಂಡ. ಕಡೆಯ ನಿಮಿಷಕ್ಕೆ ಬಂದಾಗ ಎರಡು ಅಂಕ ಮುಂದಿದ್ದೆವು. ಬೆಂಚಿನಲ್ಲಿದ್ದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದರು. ಕಾಕಾ ಮಾತ್ರ ಕೂತಿದ್ದರು, ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು.

ಕೊನೆಯ ಚೆಂಡು ಹದಿನಾಲ್ಕರವನ ಕೈಗೆ ಬಂತು. ಅವನು ನಿಂತದ್ದು ಇರ್ಫಾನನ ಜಾಗಕ್ಕೂ ಮುಂದಿದ್ದ ಬಸುನ ಜಾಗಕ್ಕೂ ನಡುವೆ. ಬಸು ಒಂದು ಹೆಜ್ಜೆ ಹಿಂದೆ ಬಂದು ಇರ್ಫಾನನನ್ನು ನೋಡಿದ. ಇರ್ಫಾನ್ ಒಂದು ಹೆಜ್ಜೆ ಮುಂದೆ ಬಂದು ಬಸುನನ್ನು ನೋಡಿದ. ಇಬ್ಬರೂ ಅಲ್ಲೇ ನಿಂತರು. ಚೆಂಡು ಅವರ ತಲೆಯ ಮೇಲಿನಿಂದ ಹೋಯಿತು. ಮೂರು ಅಂಕ. ಒಂದು ಅಂಕದಿಂದ ಸೋತೆವು.

ಬಟ್ಟೆ ಬದಲಿಸುವ ಕೋಣೆಗೆ ಸಾವಕಾರರು ಬಂದರು. ಬಾಗಿಲು ಹಾಕಲಿಲ್ಲ. ಇರ್ಫಾನ್ ಗೋಡೆಗೆ ಮುಖ ಮಾಡಿ ಕೂತಿದ್ದ. ಬಸು ಬೂಟಿನ ದಾರ ಬಿಚ್ಚುತ್ತಾ, ಕಟ್ಟುತ್ತಾ ಇದ್ದ.

"ವರ್ಷಪೂರ್ತಿ ಒಂದ ಆಟ ಆಡಿ, ಕಡೀಕ ಬದಲಿ ಮಾಡೂ ಬುದ್ಧಿ ಯಾರದು?" ಎಂದರು ಸಾವಕಾರರು.

ಹುಡುಗರು ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದು ನೋಡಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಇತ್ತು. ಬಾಯಿ ಬಿಡಲು ಅಷ್ಟು ಹೊತ್ತು ಸಾಕಿತ್ತು ನನಗೆ.

"ನಂದು," ಎಂದರು ಕಾಕಾ.

"ನಿಮ್ಮದ? ಝೋನ್ ಅಂದ್ರ ಬೈತಿದ್ರೆಲ್ಲ?"

"ಬೈತಿದ್ದೆ. ಇವತ್ತ ಮಾಡಿದೆ. ತಪ್ಪಾತು. ನಾ ಬಿಟ್ಟು ಹೋಗತೇನ್ರಿ ಸಾವಕಾರ್ರ. ಹುಡುಗುರನ್ನ ಬಿಡಬ್ಯಾಡ್ರಿ. ಅವರು ನೀವು ಪಗಾರ ಕೊಟ್ಟಿದ್ದಕ್ಕ ಹೆಚ್ಚ ಓಡ್ಯಾರ."

ಸಾವಕಾರರಿಗೆ ಸಿಟ್ಟು ಇಳಿಸಲು ಒಂದು ತಲೆ ಬೇಕಾಗಿತ್ತು, ಸಿಕ್ಕಿತು. ಸ್ವಲ್ಪ ಹೊತ್ತು ಅತ್ತಿತ್ತ ತಿರುಗಿ, "ಮತ್ತ ಮುಂದಿನ ವರ್ಷ ಇವರನ್ನ ನೋಡಾವರ್ಯಾರು?" ಎಂದರು.

ಕಾಕಾ ನನ್ನನ್ನು ತೋರಿಸಿದರು. "ಇಂವಗ ಬರತೈತಿ."

ಹೀಗೆ ತಂಡ ಉಳಿಯಿತು. ಹೀಗೆ ನಾನು ಅದರ ತರಬೇತುದಾರನಾದೆ. ಕಾಕಾ ಆ ದಿನ ನಮ್ಮ ಗಾಡಿಯಲ್ಲಿ ಬರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು.

ನಾನು ಅವರ ಮನೆಗೆ ಹೋದದ್ದು ಮೂರು ತಿಂಗಳ ನಂತರ. ಅವರ ಹೆಂಡತಿ ಕಾಕು ಬಾಗಿಲು ತೆರೆದರು. "ಬರ್ರಿ ಕೋಚ್ ಸಾಹೇಬ್ರ," ಎಂದು ನಕ್ಕು, "ನಿಮ್ಮ ಕಾಕಾ ಈಗ ನನ್ನ ಕಾಯಾಕತ್ತಾರ. ಒಲಿ ಮುಂದ, ಹಿತ್ತಲದಾಗ, ಎಲ್ಲಿ ಹೋದ್ರೂ ಬೆನ್ನಿಗೆ. ಕರಕೊಂಡ ಹೋಗ್ರಿ ಒಂದೀಟ" ಎಂದರು. ಚಹಾ ಕೊಟ್ಟು ಒಳಗೆ ಹೋದರು.

ಕಾಕಾ ಕುರ್ಚಿ ಬಿಟ್ಟು ಹೊಸ್ತಿಲ ಮೇಲೆ ಕೂತರು. ಮೊದಲು ಕೇಳಿದ್ದು ಇರ್ಫಾನನ ಬಗ್ಗೆ. "ಕಾಲ ಹೆಂಗೈತಿ ಅವಂದು?"

"ಓಡಾಕತ್ತಾನ್ರಿ. ಪಟ್ಟಿ ತಗದಾನ."

"ಹಂಗಾರ ಅವತ್ತ ಆಟ ಬದಲಿ ಮಾಡಿದ್ದು ಸುಳ್ಳಾಗಲಿಲ್ಲ." ಚಹಾ ಬಟ್ಟಲಿಗೆ ಸುರಿದು ಆರಿಸಿದರು. "ಕಡೀ ಚೆಂಡು ಮಾತ್ರ ನಿಂದು. ಇಬ್ಬರ ನಡುವ ಬಂದ್ರ ಯಾರ ಹೋಗಬೇಕು ಅನ್ನೂದು ನೀ ಹೇಳಿಕೊಟ್ಟಿದ್ದಿಲ್ಲ. ಮುಂದ ಹೇಳಿಕೊಡು."

ಹೂಂ ಎಂದೆ. ಅಂಗಿಯ ವಿಷಯ ಹೇಳಬೇಕೆಂದೇ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

"ಟೇಬಲ್ಲಿನ ಹುಡುಗನ್ನ ಬಸ್ ಸ್ಟ್ಯಾಂಡಿನ್ಯಾಗ ಭೆಟ್ಟಿ ಆದೆ ಅವತ್ತ. ಯಾಕ ನಮಗ ತಿಳಸಲಿಲ್ಲೋ ಅಂತ ಕೇಳಿದೆ. ತಿಳಿಸೇನ್ರಿ ಅಂದ."

ಬಟ್ಟಲು ಕೆಳಗೆ ಇಟ್ಟೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ಸಾವಕಾರರಿಗೆ ಖರೇ ಹೇಳತೇನ್ರಿ ಕಾಕಾ. ಇವತ್ತ ಹೋಗಿ ಹೇಳತೇನಿ."

"ಹೇಳಿದ್ರ ನಿನ್ನ ತಗೀತಾರ. ಹುಡುಗುರನ್ನ ಯಾರ ನೋಡಾವ್ರು ಹೇಳು." ಓಣಿಯಲ್ಲಿ ಹೋಗುತ್ತಿದ್ದ ಯಾರಿಗೋ ಕೈ ಎತ್ತಿ ಸಲಾಂ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಾ ಹೇಳ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ. ಹೇಳಬೇಕು ಅನಿಸಿದ್ರ ನಾ ಇರೂತನಕ ಹೇಳು. ಹಾದ್ಯಾಗ ಮಂದಿ ಸಿಕ್ಕಾಗ, ಕಾಕಾ ತಲಿ ಓಡಲಿಲ್ಲೇನ್ರಿ ಅಂತಾರ. ಅದನ್ನ ಕೇಳಾಂವ ನಾನ. ನಾ ಹೋದ ಮ್ಯಾಲ ನೀ ಹೇಳಿದ್ರ ನಿನಗ ಸಮಾಧಾನ ಆಕ್ಕೈತಿ. ನನಗೇನ್ ಬಂತು?"

ಕಾಕು ಒಳಗಿನಿಂದ ಇನ್ನೊಂದು ಬಟ್ಟಲು ಚಹಾ ಬೇಕೇನು ಎಂದು ಕೇಳಿದರು. ಸಾಕ್ರಿ ಎಂದು ಎದ್ದು ಬಂದೆ.

ಅದಾದ ಮೇಲೆ ಕಾಕಾ ಒಂದು ವರ್ಷ ನಾಲ್ಕು ತಿಂಗಳು ಬದುಕಿದ್ದರು. ಅಷ್ಟೂ ದಿನ, ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ತಂಡದ ವರದಿ ಒಪ್ಪಿಸಲು ನಾನು ಸಾವಕಾರರ ಎದುರು ಕೂರುತ್ತಿದ್ದೆ. ವರದಿ ಒಪ್ಪಿಸಿ ಎದ್ದು ಬರುತ್ತಿದ್ದೆ.